ಆರು, ಇರು, ಎಂಟು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಸುಮ್ಮನೆ ಎದ್ದು ಹೋಗಿದ್ದರೂ ಮರ್ಯಾದೆ ಇರುತ್ತಿತ್ತು. ಹೋಗುವ ಮುಂಚೆ ನಾಲ್ಕು ಮಾತು ಕುಟುಕಿಯೇ ಹೋಗುತ್ತಿದ್ದೆ. ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದಾಗ ಮೊಮ್ಮಗಳಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿ, ಘಾಟಿಗೆ ಸ್ಮೋಕ್ ಅಲಾರಂ ಬಡಿದುಕೊಂಡು, ಪಕ್ಕದ ಮನೆಯವರೆಲ್ಲ ಬಾಗಿಲು ತಟ್ಟುವಂತಾಯಿತು. "ನೋಡಿ ಅತ್ತೆ, ದೃಷ್ಟಿ ಹೆಂಗ ಚೀರ್ತಾ ಇದೆ" ಎಂದು ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಪಾಪ, ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಫಾರ್ಮಸಿ ಓದಿದವಳು. ಗುಳಿಗೆ ನುಂಗಿದರೆ ರಕ್ತಕ್ಕೆ ಸೇರುತ್ತದೆ, ಸೇರಿದರೆ ಕೆಲಸ ಮಾಡುತ್ತದೆ, ಇಷ್ಟೇ ನನ್ನ ಲೋಕ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ, ಅಯ್ಯೋ, ಈಯಮ್ಮನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಪುಟ ತಿರುವಿಬಿಡುತ್ತಿದ್ದೆ. ಆದರೂ ಹೇಳುತ್ತೇನೆ. ಒಳಗಿಟ್ಟುಕೊಂಡು ಸಾಕಾಗಿದೆ.

ನಾವು ಇರುವುದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ. ಇವರು, ಅಂದರೆ ನನ್ನ ಯಜಮಾನರು, ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು ಅವರ ಕೆಲಸ. ಕೆಲವು ವರ್ಷಗಳ ಹಿಂದೆ ಒಬ್ಬ ರೋಗಿ ಏಳಲಿಲ್ಲ. ಚಿಕ್ಕ ವಯಸ್ಸಿನ ಹೆಂಗಸು, ಸಣ್ಣ ಆಪರೇಷನ್ನು. ವಿಚಾರಣೆಯಾಯಿತು, ತಿಂಗಳುಗಟ್ಟಲೆ ಎಳೆಯಿತು, ಕೊನೆಗೆ ಇವರದು ಏನೂ ತಪ್ಪಿಲ್ಲ ಎಂದಾಯಿತು. ನಾನು ಪಾಯಸ ಮಾಡಿದೆ. ವಿಚಿತ್ರವೆಂದರೆ, ವಿಚಾರಣೆ ನಡೆಯುವಾಗ ಕಲ್ಲಿನಂತೆ ಗಟ್ಟಿಯಾಗಿದ್ದ ಮನುಷ್ಯ, ತಪ್ಪಿಲ್ಲ ಎಂದ ಮೇಲೆ ಕುಸಿದರು. "ನನ್ನದಲ್ಲ, ಅವರದಲ್ಲ, ಮಿಷನ್ನಿಂದೂ ಅಲ್ಲ. ಹಾಗಾದ್ರೆ ಯಾಕೆ ಏಳಲಿಲ್ಲ ಕಣೇ?" ಎಂದು ನನ್ನನ್ನು ಕೇಳುತ್ತಿದ್ದರು.

ಅವರ ನಿದ್ದೆ ಹೋಯಿತು. ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ತೋಟದ ಬಾಗಿಲಿಗೆ, ಮತ್ತೆ ವಾಪಸ್ಸು. ಊಟದ ನಡುವೆ ಎದ್ದು ಹೋಗಿ ಕಾರಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಮಗಳು ಸಿರಿಗೆ ಆಗ ಹದಿನಾರು. "ಅಮ್ಮಾ, ಈಸ್ ಡ್ಯಾಡ್ ಓಕೆ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಆಸ್ಪತ್ರೆಯಿಂದ ರಜೆ ಹಾಕಿಸಿದ್ದಾಯಿತು, ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋಗೋಣವೆಂದು ನಾನು ಅಂಗಲಾಚಿದ್ದಾಯಿತು. "ನಾನೇ ಡಾಕ್ಟ್ರು, ನನಗೆ ಗೊತ್ತಿಲ್ವಾ?" ಎನ್ನುವರು. ಡಾಕ್ಟರ ಹೆಂಡತಿಯಾಗುವುದಕ್ಕಿಂತ ದೊಡ್ಡ ರೋಗ ಇನ್ನೊಂದಿಲ್ಲ.

ನನಗಿದ್ದ ಭಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಇವರು ಪ್ರಾಣ ಕಳೆದುಕೊಂಡಾರು ಎಂಬ ಭಯ. ಮನೆಯಲ್ಲಿದ್ದ ಔಷಧಿಯೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಕೀಲಿಯನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೆ. ಇವರು ಬಚ್ಚಲುಮನೆಗೆ ಹೋಗಿ ಸ್ವಲ್ಪ ತಡವಾದರೂ ಹೊರಗೆ ನಿಂತು ಏನಾದರೊಂದು ಕೇಳುತ್ತಿದ್ದೆ. "ಟವೆಲ್ ಇದೆಯೇನ್ರಿ?" ಎಂದು. ಒಳಗಿಂದ "ಇದೆ" ಎಂಬ ದನಿ ಬಂದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಹೀಗಿರುವಾಗ ಒದಗಿದವನು ರಘು. ಕುಂದಾಪುರದ ಕಡೆಯವನು, ಫೆಲ್ಥಮ್ಮಿನಲ್ಲಿ ಮನೆ, ವಿಮಾನ ನಿಲ್ದಾಣದಲ್ಲಿ ಕೆಲಸ. ಯುಗಾದಿಗೆ ಕನ್ನಡದವರು ಸೇರಿದಾಗ ಪರಿಚಯವಾಗಿದ್ದ. ಬಾಯಿಬಡುಕ. ಅವನು ಹಿಡಿದ ಮೀನು ಪ್ರತಿ ಸಲ ಹೇಳುವಾಗಲೂ ಒಂದು ಗೇಣು ಬೆಳೆಯುತ್ತಿತ್ತು. ಮನೆಗೆ ಬಂದವನು ಇವರು ಓಡಾಡುವುದನ್ನೇ ನೋಡುತ್ತಿದ್ದು, "ಎಂತ ಮಾರಾಯ್ರೆ ಡಾಕ್ಟ್ರೆ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ರಿ? ನನ್ ಸಂಗ್ತಿ ಬನ್ನಿ, ಬಾಸ್ ಮೀನು ಹಿಡಿಯುವಾ" ಎಂದ.

ಇವರು ಎಂತಹ ಮನೆಯಿಂದ ಬಂದವರು ಗೊತ್ತೇ? ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಪೊಟ್ಟಣ ತಿರುಗಿಸಿ ಓದುವ ಮನೆ. ನಾನೂ ಅಷ್ಟೇ. ಮೀನು ಹಿಡಿಯುವುದೇ, ಶಿವ ಶಿವಾ! ಆದರೆ ರಘು ಬಿಡಲಿಲ್ಲ. ತನ್ನ ಚೀಲದಿಂದ ಒಂದು ರಬ್ಬರಿನ ಮೀನು ತೆಗೆದು ಟೀಪಾಯಿಯ ಮೇಲಿಟ್ಟ. ಅಂಗೈಗಿಂತ ಉದ್ದ, ಬೆನ್ನು ಹಸಿರು, ಹೊಟ್ಟೆ ಬೆಳ್ಳಗೆ, ಬಾಲ ಮಾತ್ರ ದೋಣಿಯ ಸಣ್ಣ ಹುಟ್ಟಿನ ಹಾಗೆ ಅಡ್ಡಕ್ಕೆ ಚಪ್ಪಟೆ. ಸ್ವಿಮ್‌ಬೇಟ್ ಅಂತೆ ಅದರ ಹೆಸರು. ನೀರಿನಲ್ಲಿ ಎಳೆದರೆ ಬಾಲ ತಾನೇ ಬಡಿದುಕೊಂಡು ಥೇಟ್ ಮೀನು ಈಜಿದ ಹಾಗೆ ಕಾಣುತ್ತದೆ, ದೊಡ್ಡ ಬಾಸ್ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕುತ್ತದೆ. "ಹುಳ ಇಲ್ಲ, ಸತ್ತ ಮೀನು ಇಲ್ಲ, ಪೂರಾ ವೆಜಿಟೇರಿಯನ್ ಅಮ್ಮಾ" ಎಂದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಹಿಡಿದದ್ದನ್ನು ಕೊಲ್ಲಬೇಕಾಗಿಯೂ ಇಲ್ಲ, ಗಾಳದ ಮುಳ್ಳಿನ ತುದಿಯ ಕೊಕ್ಕೆಯನ್ನು ಇಕ್ಕಳದಲ್ಲಿ ಒತ್ತಿ ನಯ ಮಾಡಿದರೆ ಮೀನಿಗೆ ಹೆಚ್ಚು ಗಾಯವಾಗದೆ ಬಿಡಬಹುದು ಎಂದೂ ಹೇಳಿದ.

ಇವರು ರಬ್ಬರಿನ ಮೀನನ್ನು ಕೈಗೆತ್ತಿಕೊಂಡರು. ಬಾಲವನ್ನು ಬೆರಳಿನಿಂದ ಅಲ್ಲಾಡಿಸಿದರು. ತಿಂಗಳುಗಳ ನಂತರ ಇವರು ಒಂದು ವಸ್ತುವನ್ನು ಗಮನವಿಟ್ಟು ನೋಡಿದ್ದು ಅದೇ ಮೊದಲು. ನನಗಷ್ಟೇ ಸಾಕಾಗಿತ್ತು. ಹೋಗಿ ಬನ್ನಿ ಎಂದುಬಿಟ್ಟೆ.

ನಿದ್ದೆಯಿಲ್ಲದ ಮನುಷ್ಯನ ಕೈಗೆ ಕಾರು ಕೊಡುವ ಹಾಗಿರಲಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಾನೇ ಡ್ರೈವರ್. ನಾರ್ತ್ ಸರ್ಕ್ಯುಲರ್ ರಸ್ತೆ ಹಿಡಿದು ಪೂರ್ವಕ್ಕೆ, ಲಂಡನ್ ಇನ್ನೇನು ಮುಗಿಯಿತು ಎನ್ನುವಲ್ಲಿ ರೇನ್‌ಹಮ್. ಥೇಮ್ಸ್ ಅಲ್ಲಿ ಅಗಲ, ನೀರು ಬೂದು ಬಣ್ಣ, ಉಬ್ಬರ ಇಳಿತ ಎರಡೂ ಜೋರು. ದಂಡೆಯ ಕೆಸರಿನಲ್ಲಿ ಯುದ್ಧದ ಕಾಲದ ಸಿಮೆಂಟಿನ ದೊಡ್ಡ ದೊಡ್ಡ ದೋಣಿಗಳು ಹೂತು ನಿಂತಿವೆ. ಸಿಮೆಂಟಿನಲ್ಲಿ ದೋಣಿ ಕಟ್ಟಿದ ಪುಣ್ಯಾತ್ಮ ಯಾರೋ ಎಂದು ನಾನು ಮೊದಲ ದಿನ ಗೊಣಗಿದ್ದೆ. ಉಬ್ಬರ ಏರುವಾಗ ಸಣ್ಣ ಮೀನುಗಳು ಆ ದೋಣಿಗಳ ಸಂದಿಗೆ ಬರುತ್ತವೆ, ಅವುಗಳ ಹಿಂದೆಯೇ ಬಾಸ್ ಬರುತ್ತದೆ ಎನ್ನುವುದು ರಘುವಿನ ಲೆಕ್ಕ.

ಕಲಿಯುವುದು ಅಷ್ಟು ಸುಲಭವಿರಲಿಲ್ಲ. ಮೊದಮೊದಲು ಇವರು ದಾರ ಸುತ್ತುವ ರೀಲನ್ನು ಗಿರಗಿರನೆ ಸುತ್ತಿಬಿಡುತ್ತಿದ್ದರು. ರಬ್ಬರ್ ಮೀನು ನೀರಿನ ಮೇಲೆ ಮಕಾಡೆ ಬಿದ್ದು ಜಾರಿಕೊಂಡು ಬರುತ್ತಿತ್ತು. "ನಿಧಾನ ಮಾರಾಯ್ರೆ, ಬಾಲ ಅಲ್ಲಾಡೂಕೆ ಎಷ್ಟು ಬೇಕೋ ಅಷ್ಟೇ. ಅದಕ್ಕೆ ಆಫೀಸಿಗೆ ತಡ ಆಯಿತಾ?" ಎಂದು ರಘು ರೇಗಿಸುತ್ತಿದ್ದ. ಎಸೆದ ಮೇಲೆ ತಕ್ಷಣ ಎಳೆಯಬಾರದು, ಮುಳುಗಲು ಬಿಟ್ಟು ಎಣಿಸಬೇಕು. ಎಷ್ಟು ಎಣಿಸಿದಾಗ ತಳ ಮುಟ್ಟಿತು ಎಂದು ತಿಳಿದರೆ, ಮುಂದಿನ ಸಲ ಅದಕ್ಕಿಂತ ಸ್ವಲ್ಪ ಮೊದಲೇ ಸುತ್ತಲು ಶುರು ಮಾಡಬಹುದು. ಮೀನು ಟಕ್ ಎಂದು ತಟ್ಟಿದ ಕೂಡಲೇ ರಾಡ್, ಅಂದರೆ ಗಾಳದ ಕೋಲನ್ನು ಎಗರಿಸಬಾರದು, ಭಾರ ಪೂರ್ತಿ ಕೈಗೆ ಬರುವವರೆಗೂ ಸುತ್ತುತ್ತಲೇ ಇರಬೇಕು. ಎಲ್ಲಕ್ಕಿಂತ ಕಷ್ಟದ್ದು ತಾಳ್ಮೆ. ದೊಡ್ಡ ರಬ್ಬರ್ ಮೀನಿಗೆ ದೊಡ್ಡ ಮೀನೇ ಬಾಯಿ ಹಾಕಬೇಕು, ಅದಕ್ಕೇ ಇಡೀ ಬೆಳಿಗ್ಗೆ ಒಂದೂ ತಟ್ಟದೆ ಹೋಗಬಹುದು. ಇವರು ಇಂಗ್ಲಿಷಿನಲ್ಲಿ ವನ್, ಟೂ, ತ್ರೀ ಎಂದು ಗೊಣಗುತ್ತಾ ಎಣಿಸುತ್ತಿದ್ದರು. ಆಪರೇಷನ್ ಕೋಣೆಯ ಅಭ್ಯಾಸವಿರಬೇಕು.

ಒಂದು ಸಂಗತಿ ಮಾತ್ರ ನನಗೆ ಹಿಡಿಸಿತು. ಹುಳ ಕಟ್ಟಿದ ಗಾಳವಾದರೆ ಕುರ್ಚಿ ಹಾಕಿಕೊಂಡು ಕೂರಬೇಕು. ಕೂರುವುದು ಇವರಿಂದ ಆಗದ ಮಾತು. ಇದರಲ್ಲಿ ನಾಲ್ಕು ಸಲ ಎಸೆಯುವುದು, ಹತ್ತು ಹೆಜ್ಜೆ ಮುಂದೆ ಹೋಗುವುದು, ಮತ್ತೆ ಎಸೆಯುವುದು. ಕಾಲಿಗೂ ಕೆಲಸ, ಕೈಗೂ ಕೆಲಸ. ಮೂರನೆಯ ಭಾನುವಾರವೋ ನಾಲ್ಕನೆಯದೋ, ಒಂದು ಬಾಸ್ ಸಿಕ್ಕಿತು. ಮೊಳದುದ್ದ, ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತಿತ್ತು. ಇವರು ಕೈ ಒದ್ದೆ ಮಾಡಿಕೊಂಡು, ಮುಳ್ಳು ತೆಗೆದು, ನೀರಿನಲ್ಲಿ ಅದನ್ನು ಹಿಡಿದುಕೊಂಡೇ ಕಾದರು. ಬಾಲ ಬಡಿದು ಅದು ಹೊರಟುಹೋದಾಗ, "ಎದ್ದು ಹೋಯ್ತು ನೋಡೇ" ಎಂದರು. ಆ ದಿನ ಮನೆಗೆ ಬಂದು ಸಂಜೆಯವರೆಗೆ ಮಲಗಿದರು. "ನಮ್ಮ ಮನೆಯವರು ಭಾನುವಾರ ಬಾಸ್ ಜೊತೆ ಇರ್ತಾರೆ" ಎಂದು ನಾನು ಕೆಲಸದ ಕಡೆ ಕನ್ನಡದ ಗೆಳತಿಗೆ ಹೇಳಿದೆ. ಅವಳು ಆಫೀಸಿನ ಬಾಸ್ ಅಂದುಕೊಂಡು, ಭಾನುವಾರವೂ ಬಿಡೋದಿಲ್ವಾ ಪಾಪ ಎಂದು ಮರುಗಿದಳು. ಬಹಳ ದಿನಗಳ ಮೇಲೆ ನಾನು ನಕ್ಕಿದ್ದೆ. ಗೆದ್ದೆ ಎಂದುಕೊಂಡಿದ್ದೆ.

ಅಕ್ಟೋಬರಿನ ಒಂದು ಭಾನುವಾರ. ಹಿಂದಿನ ವಾರವಿಡೀ ಇವರು ಮತ್ತೆ ಮೊದಲಿನಂತಾಗಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಂತಿರಲಿಲ್ಲ. ರಘುವಿಗೆ ಅಂದು ಡ್ಯೂಟಿ, ಬರಲಿಲ್ಲ. ಬೇಡವೆನ್ನಬೇಕಿತ್ತೇನೋ. ಆದರೆ ಹೊಳೆದಂಡೆಯೊಂದೇ ಇವರಿಗೆ ಸಮಾಧಾನ ಕೊಡುತ್ತಿದ್ದ ಜಾಗ, ಅದನ್ನೂ ಹೇಗೆ ಕಿತ್ತುಕೊಳ್ಳಲಿ ಎಂದು ಹೊರಟೆವು.

ನಾವು ಹೋಗಿ ಇಳಿಯುವಾಗ ಬೆಳಕು ಚೆನ್ನಾಗಿಯೇ ಹರಿದಿತ್ತು, ಆದರೆ ನೀರಿನ ಮೇಲೆ ಮಂಜು. ಆಚೆ ದಡ ಕಾಣುತ್ತಿರಲಿಲ್ಲ. ಇವರು ರಾಡ್ ಜೋಡಿಸಿ, ಚೀಲವನ್ನು ದಂಡೆಯ ಗೋಡೆಯ ಮೇಲಿಟ್ಟು, ಒಂದೆರಡು ಸಲ ಎಸೆದರು. ನಾನು ನೋಡುತ್ತಾ ನಿಂತಿದ್ದೆ. ಚಳಿ ತಡೆಯಲಾಗದೆ ಕಾರಿನಿಂದ ಕಾಫಿ ಫ್ಲಾಸ್ಕು ತರುತ್ತೇನೆಂದು ಹೋದೆ. ಕಾರು ದೂರವಿರಲಿಲ್ಲ. ಹೋಗಿ ಬರುವಷ್ಟರಲ್ಲಿ ಮಂಜು ದಂಡೆಗೂ ಹತ್ತಿ ಬಿಟ್ಟಿತ್ತು. ಚೀಲ ಇಟ್ಟಲ್ಲೇ ಇತ್ತು. ಇವರಿರಲಿಲ್ಲ.

ಮೊದಲು ಮುಂದೆ ನಡೆದಿರಬೇಕೆಂದುಕೊಂಡೆ. ಕೂಗಿದೆ. "ರೀ! ಎಲ್ಲಿದ್ದೀರಿ?" ಉತ್ತರವಿಲ್ಲ. ಫೋನ್ ಮಾಡಿದರೆ ಗೋಡೆಯ ಮೇಲಿದ್ದ ಚೀಲದೊಳಗೇ ಗುಂಯ್‌ಗುಟ್ಟಿತು. ಉಬ್ಬರ ಏರುವ ಸದ್ದು ಕೇಳುತ್ತಿತ್ತು, ಕೆಸರಿನ ಗುಳಿಗಳಿಗೆ ನೀರು ನುಗ್ಗುವ ಗುಳುಗುಳು ಸದ್ದು. ಯಾವ ಕಡೆ ಓಡಲಿ? ಎಡಕ್ಕೆ ನಾಲ್ಕು ಹೆಜ್ಜೆ ಓಡಿ, ತಿರುಗಿ ಬಲಕ್ಕೆ ಓಡಿ, ಹುಚ್ಚಿಯ ಹಾಗೆ ಕೂಗುತ್ತಿದ್ದೆ. ಗಂಟಲು ಹರಿದುಹೋಗಿ ಒಂದು ಗಳಿಗೆ ಸುಮ್ಮನಾದಾಗ ಅದು ಕೇಳಿಸಿತು.

ಯಾರೋ ಎಣಿಸುತ್ತಿದ್ದರು. ಗಟ್ಟಿಯಾಗಿ ಅಲ್ಲ, ಕೆಲಸ ಮಾಡುತ್ತಾ ತಮ್ಮಷ್ಟಕ್ಕೆ ಎಣಿಸಿಕೊಳ್ಳುವ ಹಾಗೆ. "ಲಾಭ... ಎರಡು... ಮೂರು... ನಾಲ್ಕು... ಐದು... ಆರು... ಇರು... ಎಂಟು..." ಸ್ವಲ್ಪ ಬಿಡುವು. ಮತ್ತೆ ಲಾಭದಿಂದ.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ರಾಣೆಬೆನ್ನೂರಿನಲ್ಲಿ ನಮ್ಮಪ್ಪನದು ಕಾಳು ಕಡಿಯ ಅಂಗಡಿ. ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇದು ಹಳೆಯ ಕಾಲದ ಅಂಗಡಿಯವರೆಲ್ಲರಿಗೂ ಗೊತ್ತು, ಹೆಚ್ಚುಗಾರಿಕೆ ಏನಿಲ್ಲ. ಆದರೆ ನಮ್ಮಪ್ಪ ಇನ್ನೊಂದು ಹೆಜ್ಜೆ ಮುಂದೆ. ಅವನು ಏಳು ಎನ್ನುತ್ತಿರಲಿಲ್ಲ. "ರಾಶಿ ಮುಂದ ಕುಂತು ಏಳು ಅಂದ್ರ ಲಕ್ಷ್ಮಿಗೆ ಎದ್ದು ಹೋಗು ಅಂದಂಗಾಗ್ತದವ್ವಾ" ಎನ್ನುವನು. ಏಳು ಬರುವ ಕಡೆ "ಇರು" ಎನ್ನುತ್ತಿದ್ದ. ಆರು, ಇರು, ಎಂಟು. ಪೇಟೆಯಲ್ಲಿ ಇನ್ಯಾವ ಅಂಗಡಿಯಲ್ಲೂ ಹಾಗೆ ಎಣಿಸುತ್ತಿರಲಿಲ್ಲ. ಗಿರಾಕಿಗಳು ಅಪ್ಪನನ್ನು ಆಡಿಕೊಂಡು ನಗುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡ, ಅಂಗಡಿ ಮುಚ್ಚಿತು. ನನ್ನ ಮದುವೆಯಾಗಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಇವರು ನಮ್ಮಪ್ಪನ ಮುಖವನ್ನು ಫೋಟೋದಲ್ಲಿ ಮಾತ್ರ ಕಂಡವರು. ಆ ಎಣಿಕೆಯನ್ನು ನಾನು ಇವರಿಗಾಗಲಿ ಸಿರಿಗಾಗಲಿ ಹೇಳಿದ್ದಿಲ್ಲ. ಬಚ್ಚಿಟ್ಟಿದ್ದಲ್ಲ, ನನಗೇ ಮರೆತುಹೋಗಿತ್ತು.

ಆ ಹೊತ್ತಿಗೆ ನನಗೆ ಇದೊಂದೂ ಹೊಳೆಯಲಿಲ್ಲ ಎಂದರೆ ನಂಬುತ್ತೀರಾ? ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ; ಅದು ಯಾವ ಹೊಲದ ಹುಲ್ಲು ಎಂದು ಕೇಳುವವರುಂಟೇ? ಎಸೆದ ಗಾಳ ಮುಳುಗುವುದನ್ನು ಇವರು ಎಣಿಸುತ್ತಿದ್ದಾರೆ, ಇವರು ಬದುಕಿದ್ದಾರೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ದನಿ ಬಂದ ಕಡೆ ನಡೆದೆ. ಮೆಟ್ಟಿಲಿಳಿದು ಕಲ್ಲುಗುಂಡುಗಳ ಮೇಲೆ ಕಾಲಿಟ್ಟೆ. ಬಿಡುವು ಬಂದಾಗ ನಿಲ್ಲುವುದು, ಲಾಭ ಎಂದಾಗ ಮತ್ತೆ ನಡೆಯುವುದು. ಮಂಜಿನಲ್ಲಿ ಸಿಮೆಂಟಿನ ದೋಣಿಯೊಂದು ಗೋಡೆಯಂತೆ ಎದುರಾಯಿತು. ಅದನ್ನು ತಡವಿಕೊಂಡು ಆಚೆ ಬದಿಗೆ ಬಂದೆ.

ಇವರ ರಾಡ್ ದೋಣಿಗೆ ಒರಗಿಸಿ ನಿಲ್ಲಿಸಿತ್ತು. ರಬ್ಬರಿನ ಮೀನಿನ ಮುಳ್ಳನ್ನು ರಾಡಿನ ಬುಡದ ಉಂಗುರಕ್ಕೆ ಸಿಕ್ಕಿಸಿತ್ತು, ಅಚ್ಚುಕಟ್ಟಾಗಿ, ಮನೆಗೆ ಹೊರಡುವಾಗ ಸಿಕ್ಕಿಸುವ ಹಾಗೆ. ಗಾಳ ನೀರಿನಲ್ಲೇ ಇಲ್ಲ, ಹಾಗಾದರೆ ಎಣಿಸುತ್ತಿರುವುದು ಏನನ್ನು?

"ಐದು... ಆರು... ಇರು..." ಎಂಟು ಬರಲಿಲ್ಲ. ಮಂಜು ಒಂದಿಷ್ಟು ಸರಿಯಿತು. ಇವರು ತೊಡೆಮಟ್ಟದ ನೀರಿನಲ್ಲಿ, ನನಗೆ ಬೆನ್ನು ಹಾಕಿ, ಹೊಳೆಯ ಕಡೆಗೆ ಮುಖ ಮಾಡಿ ನಿಂತಿದ್ದರು. ಕೈ ಎರಡೂ ಜೋತುಬಿದ್ದಿದ್ದವು. ಕೋಟು ನೀರಿನಲ್ಲಿ ತೇಲುತ್ತಿತ್ತು.

"ರೀ" ಎಂದೆ. ಕೂಗಲು ದನಿಯೇ ಇರಲಿಲ್ಲ. ಆದರೂ ಅವರಿಗೆ ಕೇಳಿಸಿತು. ತಿರುಗಿ ನೋಡಿ, ಊಟಕ್ಕೆ ಕರೆದರೆ ಹೇಳುವ ಹಾಗೆ, "ಬಂದೆ" ಎಂದರು. ಆದರೆ ಕಾಲು ಕೆಸರಿನಲ್ಲಿ ಹೂತಿತ್ತು, ಎತ್ತಲಾಗಲಿಲ್ಲ. ನಾನು ಮೊಣಕಾಲಿನವರೆಗೆ ಇಳಿದು ರಾಡನ್ನು ಚಾಚಿದೆ. ದೊಡ್ಡ ಮೀನಿಗೆಂದೇ ರಘು ಕೊಡಿಸಿದ್ದ ಗಟ್ಟಿ ರಾಡ್ ಅದು. ಅದರ ತುದಿ ಹಿಡಿದು ಒಂದೊಂದೇ ಹೆಜ್ಜೆ ಕಿತ್ತುಕೊಂಡು ಬಂದರು. ಒಂದು ಬೂಟು ಅಲ್ಲೇ ಉಳಿಯಿತು. ಮೇಲೆ ಬಂದ ಮೇಲೆ ನಾನು ಅವರ ಬೆನ್ನಿಗೆ ಎರಡು ಗುದ್ದಿದೆ, ಆಮೇಲೆ ಅಪ್ಪಿಕೊಂಡು ಅತ್ತೆ. ನಾವು ಗೋಡೆ ಹತ್ತಿ ತಿರುಗಿ ನೋಡುವಾಗ ಅವರು ನಿಂತಿದ್ದ ಜಾಗದಲ್ಲಿ ನೀರು ಸುಳಿ ಸುತ್ತುತ್ತಿತ್ತು.

ಕಾರಿನಲ್ಲಿ ಹೀಟರ್ ಹಾಕಿದೆ. ಇಬ್ಬರೂ ನಡುಗುತ್ತಿದ್ದೆವು. ರಾಡ್ ಬಿಟ್ಟು ನೀರಿಗೆ ಯಾಕೆ ಇಳಿದಿರಿ ಎಂದು ಕೇಳಿದೆ. ಗಾಳ ದೋಣಿಗೆ ಸಿಕ್ಕಿಕೊಂಡಿತ್ತು, ಬಿಡಿಸಲು ಹೋಗಿದ್ದೆ ಎಂದರು. ಉಂಗುರಕ್ಕೆ ಸಿಕ್ಕಿಸಿದ ರಬ್ಬರ್ ಮೀನನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ಹೌದೇ ಎಂದೆ. ಒದ್ದೆ ಕಾಲುಚೀಲ ಕಳಚುತ್ತಾ ಅವರೇ ಮಾತಾಡಿದರು.

"ನಿಮ್ಮೂರ ಕಡೆ ಒಂದಕ್ಕೆ ಲಾಭ ಅಂತೀರೇನೇ?"

ನಾನು ಅವರ ಮುಖ ನೋಡಿದೆ.

"ಅಲ್ಲ, ಪ್ರತಿ ಸಲ ಲಾಭ ಲಾಭ ಅಂತ ಶುರು ಮಾಡ್ತಿದ್ದೆಯಲ್ಲ. ಆರಾದ ಮೇಲೆ ಇರು ಅಂತಿದ್ದೆ. ಏನು ಲೆಕ್ಕ ಅಂತ ಗೊತ್ತಾಗಲಿಲ್ಲ. ನೀನು ಇರು ಅಂದಾಗೆಲ್ಲ ನಾನು ನಿಂತ್ಕೊಂಡೆ."

ಮೈಮೇಲಿನ ಕೂದಲು ನಿಮಿರುವುದು ಎನ್ನುತ್ತಾರಲ್ಲ, ಅದು ಬರೀ ಮಾತಿಗೆ ಹೇಳುವುದಲ್ಲ ಎಂದು ಆಗ ಗೊತ್ತಾಯಿತು. ನಾನು ಎಣಿಸಿರಲಿಲ್ಲ. ನಾನು ಕೂಗಿದ್ದು "ರೀ" ಎಂದು, "ಎಲ್ಲಿದ್ದೀರಿ" ಎಂದು, ದೇವರ ಹೆಸರುಗಳನ್ನು. "ನಾನು ಕೂಗಿದ್ದು ಕೇಳಿಸಲಿಲ್ವೇನ್ರಿ?" ಎಂದೆ. "ಇಲ್ವಲ್ಲ. ಎಣಿಸಿದ್ದಷ್ಟೇ ಕೇಳಿಸ್ತು" ಎಂದರು. "ನೀವೇನಾದ್ರೂ ಎಣಿಸ್ತಿದ್ರಾ?" "ನಾನ್ಯಾಕೆ ಎಣಿಸಲಿ? ಕೈಯಲ್ಲಿ ರಾಡೇ ಇರಲಿಲ್ವಲ್ಲ." ತಾವು ಆಡಿದ್ದು ಏನೆಂದು ಅರಿವಾಗಿ ತಲೆ ತಗ್ಗಿಸಿದರು. ನಾನು ಕಾರು ಸ್ಟಾರ್ಟ್ ಮಾಡಿದೆ.

ಅಂದಿನಿಂದ ನಾನು ಮಾಡದ ಯೋಚನೆಯಿಲ್ಲ. ನನ್ನ ಬಾಯಿಂದಲೇ ಬಂದಿರಬಹುದೇ, ಗಾಬರಿಯಲ್ಲಿ, ನನಗೇ ತಿಳಿಯದೆ? ಆದರೆ ಅದು ನನ್ನ ಎದುರಿನಿಂದ ಬರುತ್ತಿತ್ತು, ನಾನು ಅದರ ಹಿಂದೆ ಹೋದೆ. ಮಂಜಿನಲ್ಲಿ ನನ್ನ ದನಿಯೇ ಸಿಮೆಂಟಿನ ದೋಣಿಗೆ ಬಡಿದು ವಾಪಸ್ಸು ಬಂತೇ? ಬಂದಿದ್ದರೆ "ರೀ" ಎಂದು ಬರಬೇಕಿತ್ತು. ಇನ್ಯಾರಾದರೂ ಕನ್ನಡದವರು ಇದ್ದರೇ? ಇರಲಿ, ಲಂಡನ್ನಿನಲ್ಲಿ ಕನ್ನಡದವರಿಗೇನು ಕಡಿಮೆ. ಆದರೆ ನಮ್ಮಪ್ಪನ "ಇರು" ಅವರ ಬಾಯಿಗೆ ಎಲ್ಲಿಂದ ಬರಬೇಕು? ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣನಿಗೆ ಫೋನ್ ಹಚ್ಚಿ, ಬೇರೆ ಯಾರಾದರೂ ಹಾಗೆ ಎಣಿಸುವುದನ್ನು ಕೇಳಿದ್ದೀಯಾ ಎಂದೆ. "ಯಾರ್ ಎಣಿಸ್ತಾರಬೇ, ಅಪ್ಪಂದ ಒಬ್ಬಂದ ಆ ಹುಚ್ಚು" ಎಂದ. ಯಾಕೆ ಕೇಳಿದೆ ಎಂದು ಅವನು ಕೇಳಿದ. ಸುಮ್ಮನೆ ನೆನಪಾಯಿತು ಎಂದೆ.

ಹಾಗಾದರೆ ಅಪ್ಪನೇ ಬಂದನೇ ಎಂದು ನೀವು ಕೇಳಬಹುದು. ಹಾಗೆಂದು ಹೇಳಿದ್ದರೆ ನನಗೂ ಸುಖವಿತ್ತು, ಒಂದು ಕಥೆಯಾಗಿ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಲಾರೆ. ಅಪ್ಪನ ದನಿ ನನಗೆ ಗೊತ್ತು, ಹೊಗೆಸೊಪ್ಪು ತಿಂದು ಒಡೆದ ದನಿ. ಅದು ಅವನದಾಗಿರಲಿಲ್ಲ. ಗಂಡಸಿನದೋ ಹೆಂಗಸಿನದೋ ಎಂದು ಕೇಳಿದರೂ ನನಗೆ ಹೇಳಲು ಬರುವುದಿಲ್ಲ. ನನಗೆ ಇವರದೆನ್ನಿಸಿತು, ಇವರಿಗೆ ನನ್ನದೆನ್ನಿಸಿತು. ಅಷ್ಟೇ ನನಗೆ ಗೊತ್ತಿರುವುದು.

ಮಾರನೆಯ ದಿನ ಇವರ ಮಾತು ಕೇಳದೆ ನಾನೇ ಜಿಪಿಗೆ ಫೋನ್ ಮಾಡಿದೆ, ಅಂದೇ ನೋಡಲೇಬೇಕು ಎಂದು ಹಟ ಹಿಡಿದೆ. ಆಕೆ ನಡುವಯಸ್ಸಿನ ಡಾಕ್ಟರು, ಸುತ್ತು ಬಳಸಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದಳು. ತಿಂಗಳುಗಟ್ಟಲೆ ನನ್ನ ನಾಲಿಗೆಯ ತುದಿಯಲ್ಲಿದ್ದು ಹೊರಗೆ ಬಾರದ ಪ್ರಶ್ನೆ ಅದು. ಇವರು ಕಾರ್ಪೆಟ್ಟನ್ನು ನೋಡುತ್ತಾ, ಬಂದಿದೆ, ನಿನ್ನೆ ಬೆಳಿಗ್ಗೆ ಅದಕ್ಕೇ ನೀರಿಗಿಳಿದೆ ಎಂದರು. ಗೊತ್ತಿತ್ತು, ಆದರೂ ಕಿವಿಯಾರೆ ಕೇಳುವುದೇ ಬೇರೆ. ಮತ್ತೆ ನಿಮ್ಮನ್ನು ತಡೆದದ್ದು ಏನು ಎಂದು ಆಕೆ ಕೇಳಿದಳು. ಇವರು ನನ್ನ ಕಡೆ ಬೆರಳು ತೋರಿಸಿದರು. ಇವಳು ಇರು ಅಂದಳು, ಅದಕ್ಕೆ ಇದ್ದೆ ಎಂದರು, ಇಂಗ್ಲಿಷಿನಲ್ಲಿ. ಡಾಕ್ಟರು ನನ್ನತ್ತ ನೋಡಿ ಮುಗುಳ್ನಕ್ಕಳು. ನಾನು ಹೌದೆನ್ನುವಂತೆ ತಲೆಯಾಡಿಸಿದೆ.

ಅಲ್ಲಿಂದ ಔಷಧಿ, ವಾರ ವಾರ ಒಬ್ಬರ ಹತ್ತಿರ ಕೂತು ಮಾತಾಡುವುದು, ಎಲ್ಲ ಶುರುವಾಯಿತು. ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ, ಬಹಳ ಕಾಲ ಹಿಡಿಯಿತು. ಈಗ ಆಸ್ಪತ್ರೆಗೆ ಹೋಗುತ್ತಾರೆ, ಕೆಲಸ ಕಡಿಮೆ ಮಾಡಿಕೊಂಡಿದ್ದಾರೆ. ರಘುವಿನ ಜೊತೆ ಗಾಳಕ್ಕೂ ಹೋಗುತ್ತಾರೆ, ರೇನ್‌ಹಮ್ಮಿಗಲ್ಲ, ಬೇರೆ ಕಡೆಗೆ. ನನ್ನ ಓಡಾಟ ಮಾತ್ರ ನಿಂತಿಲ್ಲ. ಇವರು ಫೋನ್ ಎರಡು ರಿಂಗಿಗೆ ಎತ್ತದಿದ್ದರೆ ಇವತ್ತಿಗೂ ನಾನು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ.

ಜಿಪಿಯನ್ನು ಕಂಡು ಬಂದ ಆ ಮಧ್ಯಾಹ್ನದ ಒಂದು ಮಾತು ಉಳಿದಿದೆ. ಮೊಸರನ್ನ ಕಲಸಿಕೊಟ್ಟಿದ್ದೆ, ಎರಡು ತುತ್ತು ತಿಂದು ಇವರು ಸೋಫಾದ ಮೇಲೆ ಉರುಳಿದರು. ನಾನು ಕಾಲ ಹತ್ತಿರ ಕೂತಿದ್ದೆ. ಕಣ್ಣು ಮುಚ್ಚಿದ್ದವರು ಮುಚ್ಚಿದಂತೆಯೇ ನನ್ನ ಕೈ ಹಿಡಿದುಕೊಂಡರು.

"ಅಲ್ಲಿ ಎಣಿಸ್ತಿದ್ದದ್ದು ನೀನೇ ತಾನೇ?"

ಅಲ್ಲ ಎಂದರೆ ಆ ಕೈ ಏನು ಮಾಡುತ್ತಿತ್ತೋ ನನಗೆ ಗೊತ್ತಿಲ್ಲ. ಈ ಮನುಷ್ಯ ನಿಂತಿದ್ದು ನಾನು ಇರು ಎಂದೆ ಎನ್ನುವ ಒಂದೇ ನಂಬಿಕೆಯ ಮೇಲೆ.

"ಮತ್ತಿನ್ಯಾರು?" ಎಂದೆ.

ಅವರು ಅದನ್ನು ಉತ್ತರವೆಂದುಕೊಂಡು ನಿದ್ದೆ ಹೋದರು.